ಕ್ರೇನಣ್ಣ ಡಾಕ್ಟರಮ್ಮನನ್ನು ಕೇಳಿದ ಪ್ರಶ್ನೆ

ಹೊಟ್ಟೆನೋವು ಅಂತ ಒಬ್ಬರು ಬಾಯಿಬಿಟ್ಟರೆ ಸಾಕು, ಸುತ್ತ ಕೂತವರೆಲ್ಲ ಡಾಕ್ಟರಾಗಿಬಿಡುತ್ತಾರೆ. ಒಬ್ಬ ಗ್ಯಾಸು ಅನ್ನುತ್ತಾನೆ, ಇನ್ನೊಬ್ಬ ಪಿತ್ತ ಅನ್ನುತ್ತಾನೆ, ಮೂರನೆಯವನು ಜೇಬಿನಿಂದಲೇ ಮಾತ್ರೆ ತೆಗೆದು ಕೈಗಿಡುತ್ತಾನೆ. ನಮ್ಮ ಕ್ರೇನಣ್ಣನಿಗೂ ಹೀಗೇ ಆಯಿತು.

ಕ್ರೇನಣ್ಣ ಎತ್ತರದ ಕಟ್ಟಡ ಏಳುವ ಕಡೆ ಟವರ್ ಕ್ರೇನು ನಡೆಸುವವನು. ಬೆಳಿಗ್ಗೆ ಊಟದ ಡಬ್ಬಿ, ನೀರಿನ ಬಾಟಲಿ ಬೆನ್ನಿಗೆ ಹಾಕಿಕೊಂಡು ಇನ್ನೂರು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿದನೆಂದರೆ ಇಳಿಯುವುದು ಸಂಜೆಗೇ. ಮೇಲೆ ಗಾಜಿನ ಪುಟ್ಟ ಕ್ಯಾಬಿನ್ನು, ಎರಡು ಕೈಗೆ ಎರಡು ಹಿಡಿ. ಹಿಡಿಯನ್ನು ಬೆರಳಷ್ಟು ಸರಿಸಿದರೆ ದೂರದಲ್ಲಿ ಎರಡು ಟನ್ನಿನ ಕಬ್ಬಿಣದ ಕಂತೆ ಗಾಳಿಯಲ್ಲಿ ಏಳುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಅವನ ಕೊಕ್ಕೆಯಿಂದ ಒಂದು ಇಟ್ಟಿಗೆ ಕೂಡ ಜಾರಿ ಬಿದ್ದಿರಲಿಲ್ಲ.

ಕೆಳಗೆ ನಿಂತು ಲೋಡು ಕಟ್ಟಿ, ಸೀಟಿ ಊದಿ, ಕೈಸನ್ನೆ ಮಾಡುವವನು ಅವನ ಹೆಂಡತಿಯ ತಮ್ಮ. ಇಡೀ ಸೈಟು ಅವನನ್ನು ಸೀಟಿ ಅಂತಲೇ ಕರೆಯುತ್ತಿತ್ತು. ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಎತ್ತು, ಇಳಿಸು, ತಿರುಗಿಸು ಅನ್ನುವ ಸನ್ನೆಯನ್ನು ಸೀಟಿ ಒಬ್ಬನೇ ಕೊಡಬೇಕು. ಆದರೆ ಎರಡೂ ಕೈ ಅಗಲಿಸಿ ‘ನಿಲ್ಲಿಸು’ ಅನ್ನುವ ಸನ್ನೆಯನ್ನು ಯಾರು ಬೇಕಾದರೂ ಕೊಡಬಹುದು. ಗಾರೆ ಹೊರುವ ಹೆಂಗಸು ಕೊಟ್ಟರೂ ಸರಿ, ಗೇಟಿನ ಕಾವಲುಗಾರ ಕೊಟ್ಟರೂ ಸರಿ, ಮೇಲಿದ್ದವನು ಮರುಮಾತಿಲ್ಲದೆ ನಿಲ್ಲಿಸಬೇಕು. ಯಾಕೆ, ಏನು ಅಂತ ಕೇಳುವುದೆಲ್ಲ ಆಮೇಲೆ.

ಇಷ್ಟು ಶಿಸ್ತಿನ ಮನುಷ್ಯ ತನ್ನ ಹೊಟ್ಟೆ ಕೊಟ್ಟ ಸನ್ನೆಯನ್ನು ಆರು ತಿಂಗಳು ಕಂಡೂ ಕಾಣದ ಹಾಗೆ ಇದ್ದುಬಿಟ್ಟ. ಊಟವಾದ ಮೇಲೆ ಎಡಗಡೆ ಪಕ್ಕೆಯ ಕೆಳಗೆ ಒಂದು ಮಂದ ನೋವು ಶುರುವಾಗಿ ಬೆನ್ನಿಗೆ ಹೋಗುತ್ತಿತ್ತು. ಗ್ಯಾಸಿನ ಮಾತ್ರೆ ನುಂಗಿ ಸುಮ್ಮನಾಗುತ್ತಿದ್ದ. ಕ್ರೇನು ನಡೆಸುವವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಆಗಲೇಬೇಕು, ಅದೊಂದು ಪುಣ್ಯ. ಅಲ್ಲಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಸ್ಕ್ಯಾನಿಗೆ ಕಳಿಸಿದರು, ಸ್ಕ್ಯಾನು ನೋಡಿದವರು ಶಸ್ತ್ರಚಿಕಿತ್ಸೆಯ ಡಾಕ್ಟರಮ್ಮನ ಹತ್ತಿರ ಕಳಿಸಿದರು.

ಡಾಕ್ಟರಮ್ಮ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

“ಜಠರದ ಹಿಂದೆ ಅಡ್ಡಲಾಗಿ ಮಲಗಿದೆ ನೋಡಿ, ಇದು ಮೇದೋಜೀರಕ ಗ್ರಂಥಿ. ಊಟ ಅರಗಿಸೋ ರಸ, ಸಕ್ಕರೆ ಹಿಡಿತದಲ್ಲಿಡೋ ಇನ್ಸುಲಿನ್, ಎರಡೂ ಇಲ್ಲಿಂದಲೇ ಬರೋದು. ಇದರ ಬಾಲದಲ್ಲಿ ಒಂದು ಗಡ್ಡೆ ಇದೆ, ನಿಂಬೆಹಣ್ಣಿನಷ್ಟು. ಈಗ ನೋಡೋಕೆ ಕ್ಯಾನ್ಸರ್ ಥರ ಇಲ್ಲ. ಆದ್ರೆ ಇಂಥ ಗಡ್ಡೆ ಹಾಗೇ ಬಿಟ್ರೆ ಕ್ಯಾನ್ಸರ್ ಆಗಬಹುದು. ಬಾಲದ ಭಾಗ ತೆಗೆದುಬಿಡೋಣ. ಹೊಟ್ಟೆ ಉದ್ದಕ್ಕೆ ಕೊಯ್ಯೋದು ಬೇಡ, ನಾಲ್ಕೈದು ಸಣ್ಣ ತೂತು ಮಾಡಿ ಲ್ಯಾಪರೋಸ್ಕೋಪಿಲಿ ಮಾಡಬಹುದು. ಒಂದು ತಿಂಗಳೊಳಗೆ ಆಗಲಿ.”

“ರೋಬೋಟ್ ಇಲ್ವಾ ಮೇಡಂ?” ಅಂದ ಕ್ರೇನಣ್ಣ. ಸ್ಕ್ಯಾನಿನ ರಿಪೋರ್ಟು ಕೈಗೆ ಬಂದಾಗಿನಿಂದ ಅವನು ಮೊಬೈಲಿನಲ್ಲಿ ಮುಳುಗಿದ್ದ.

“ಈ ಆಸ್ಪತ್ರೇಲಿ ಇಲ್ಲ. ದೊಡ್ಡಾಸ್ಪತ್ರೇಲಿ ಇದೆ. ರಿಪೋರ್ಟ್ ತಗೊಂಡು ಹೋಗಿ ಕೇಳಿ, ನನಗೇನೂ ಬೇಜಾರಿಲ್ಲ. ಎಲ್ಲಾದ್ರೂ ಮಾಡಿಸ್ಕೊಳ್ಳಿ, ತಡ ಮಾತ್ರ ಮಾಡಬೇಡಿ.”

ಮನೆಗೆ ಬಂದವನೇ ಹೆಂಡತಿಗೆ ಮೊಬೈಲು ತೋರಿಸಿದ. “ನೋಡೇ ಇಲ್ಲಿ. ಡಾಕ್ಟರು ಮೂಲೇಲಿ ಕೂತಿದ್ದಾರೆ. ಎರಡು ಕೈಗೆ ಎರಡು ಹಿಡಿ. ಅತ್ತಕಡೆ ನಾಲ್ಕು ತೋಳು ಆಡ್ತಾ ಇವೆ. ಇದು ನನ್ನ ಕ್ಯಾಬಿನ್ನೇ ಕಣೇ! ನನಗೆ ಆಪರೇಷನ್ ಅಂತ ಆದ್ರೆ ಇದರಲ್ಲೇ ಆಗಬೇಕು.”

“ರೀ, ಆ ಕುರ್ಚೀಲಿ ಕೂರೋದು ನೀವಲ್ಲ,” ಅಂದಳು ಹೆಂಡತಿ. “ನೀವು ಮಲಗೋರು.”

ಸೀಟಿಗಂತೂ ರೋಬೋಟಿನ ಹೆಸರೇ ಹಿಡಿಸಲಿಲ್ಲ. “ಭಾವ, ಯಂತ್ರದ ಕೈಗೆ ಹೊಟ್ಟೆ ಕೊಡ್ತೀರಾ? ಮಧ್ಯದಲ್ಲಿ ಕರೆಂಟ್ ಹೋದ್ರೆ? ಹೋದ ತಿಂಗಳು ಸೆನ್ಸರು ಕೆಟ್ಟು ಅರ್ಧ ದಿನ ಸಿಮೆಂಟ್ ಮೂಟೆ ಗಾಳೀಲಿ ನೇತಾಡ್ಲಿಲ್ವಾ? ಹಾಗೆ ನಿಮ್ಮ ಕರುಳು ನೇತಾಡ್ತಾ ಇದ್ರೆ?”

“ಬಿಡ್ತು ಅನ್ನೋ!” ಅಂತ ಅಕ್ಕ ಅವನ ಬೆನ್ನಿಗೆ ಒಂದು ಗುದ್ದಿದಳು.

ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. “ದೊಡ್ಡಾಸ್ಪತ್ರೆಗೆ ಹೇಳಿದೀನಿ, ಸಾಲಿನಲ್ಲಿದೀನಿ, ತಾರೀಖು ಕೊಡ್ತಾರೆ,” ಅನ್ನುತ್ತಿದ್ದ ಕ್ರೇನಣ್ಣ. ಎರಡು ವಾರ ಹೋಯಿತು, ಐದು ವಾರ ಹೋಯಿತು, ಹತ್ತು ವಾರವಾಯಿತು. ಫೋನು ಹೊಡೆದುಕೊಂಡಾಗಲೆಲ್ಲ ಹೆಂಡತಿ ಒದ್ದೆ ಕೈಯಲ್ಲೇ ಓಡಿ ಬರುತ್ತಿದ್ದಳು. ಒಂದು ಸಲವೂ ಅದು ಆಸ್ಪತ್ರೆಯ ಫೋನಾಗಿರಲಿಲ್ಲ.

ಆಗುವುದಾದರೂ ಹೇಗೆ? ಕ್ರೇನಣ್ಣ ಆಸ್ಪತ್ರೆಗೆ ಫೋನೇ ಮಾಡಿರಲಿಲ್ಲ. ನಾಲ್ಕು ಸಲ ಕ್ಯಾಬಿನ್ನಿನಲ್ಲಿ ಕೂತು ನಂಬರು ಒತ್ತಿದ್ದ, ನಾಲ್ಕು ಸಲವೂ ಆ ಕಡೆ ಗಂಟೆ ಬಾರಿಸುವ ಮೊದಲೇ ಕಟ್ ಮಾಡಿದ್ದ. ಅವನ ಅಪ್ಪ ಹೊಟ್ಟೆ ಆಪರೇಷನ್ ಅಂತ ನಡೆದುಕೊಂಡೇ ಆಸ್ಪತ್ರೆಗೆ ಹೋದವನು, ನಡೆದು ಬಂದಿರಲಿಲ್ಲ. ಅದಾಗಿ ಮೂವತ್ತು ವರ್ಷ. ಅರವತ್ತು ಮೀಟರ್ ಎತ್ತರದಲ್ಲಿ ಕೂತು ಕಾಲು ಅಲ್ಲಾಡಿಸುತ್ತ ಊಟ ಮಾಡುವ ಮನುಷ್ಯನಿಗೆ ಆಪರೇಷನ್ ಮೇಜು ಅಂದರೆ ಕೈಕಾಲು ತಣ್ಣಗಾಗುತ್ತಿತ್ತು. ರೋಬೋಟು ಬೇಕು ಅಂದರೆ ಹೇಡಿ ಅಂತ ಯಾರೂ ಅನ್ನುವುದಿಲ್ಲ, ಕಾಯುವುದಕ್ಕೂ ಒಂದು ಮರ್ಯಾದೆಯ ಕಾರಣ ಸಿಕ್ಕಿದ ಹಾಗಾಯಿತು.

ಅವರ ಕೆಳಗಿನ ಮನೆಯಲ್ಲಿ ಒಬ್ಬ ಸಿಸ್ಟರ್ ಇದ್ದಳು. ಆಪರೇಷನ್ ಥಿಯೇಟರಿನಲ್ಲಿ ಡಾಕ್ಟರ ಪಕ್ಕ ನಿಂತು ಸಲಕರಣೆ ಕೊಡುವ ಕೆಲಸ ಅವಳದು. ಮೊದಲು ದೊಡ್ಡಾಸ್ಪತ್ರೆಯಲ್ಲಿದ್ದವಳು, ಅಲ್ಲಿ ಅವಳ ಗೆಳತಿಯರೂ ಇದ್ದರು. ಕಾದು ಕಾದು ಸಾಕಾದ ಕ್ರೇನಣ್ಣನ ಹೆಂಡತಿ ಅವಳನ್ನೇ ಹಿಡಿದಳು. “ಸ್ವಲ್ಪ ವಿಚಾರಿಸಿ ಸಿಸ್ಟರ್, ನಮ್ಮ ಸರದಿ ಯಾವಾಗ ಅಂತ.”

ಮಾರನೇ ದಿನ ಸಂಜೆ ಸಿಸ್ಟರ್ ಮೆಟ್ಟಿಲು ಹತ್ತಿ ಬಂದಳು. ಮನೆಯವರು ಟೀ ಕುಡಿಯುತ್ತಿದ್ದರು, ಸೀಟಿಯೂ ಇದ್ದ.

“ಅಣ್ಣ, ಅಲ್ಲಿ ನಿಮ್ಮ ಹೆಸರೇ ಇಲ್ವಲ್ಲ.”

ಹೆಂಡತಿ ಲೋಟ ಕೆಳಗಿಟ್ಟಳು.

“ಹತ್ತು ವಾರ ರೀ. ಫೋನ್ ಸದ್ದಾದಾಗೆಲ್ಲ ನನ್ನ ಜೀವ ಬಾಯಿಗೆ ಬರ್ತಿತ್ತು. ನೀವು ನೋಡ್ಕೊಂಡು ಸುಮ್ನೆ ಕೂತಿದ್ರಾ?”

ಕ್ರೇನಣ್ಣ ತಲೆ ಎತ್ತಲಿಲ್ಲ. “ಹೆದರಿಕೆ ಆಯ್ತು ಕಣೇ,” ಅಂದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಕೇಳಿ ಅವಳ ಸಿಟ್ಟು ಅರ್ಧ ಇಳಿಯಿತು, ಕಣ್ಣು ತುಂಬಿ ಬಂತು.

ಸಿಸ್ಟರ್ ತಾನೇ ಒಂದು ಕುರ್ಚಿ ಎಳೆದುಕೊಂಡು ಕೂತಳು. “ಹೆದರಿಕೆ ಆಗೋದ್ರಲ್ಲಿ ತಪ್ಪೇನಿಲ್ಲ ಅಣ್ಣ. ಏನು ಅಂತ ತಿಳ್ಕೊಂಡ್ರೆ ಅದು ಕಮ್ಮಿ ಆಗತ್ತೆ. ನಾನು ಎರಡೂ ನೋಡಿದೀನಿ, ಕೇಳಿ. ಲ್ಯಾಪರೋಸ್ಕೋಪಿಲಿ ಡಾಕ್ಟರು ಮಗ್ಗುಲಲ್ಲೇ ನಿಂತು, ಕಡ್ಡಿ ಥರ ಉದ್ದ ಸಲಕರಣೆ ತಾವೇ ಹಿಡ್ಕೊಂಡು, ಪರದೆ ನೋಡ್ತಾ ಕೆಲಸ ಮಾಡ್ತಾರೆ. ರೋಬೋಟಿನಲ್ಲಿ ಆ ಸಲಕರಣೆನ ಯಂತ್ರದ ತೋಳು ಹಿಡಿದಿರತ್ತೆ, ಡಾಕ್ಟರು ಕೂತು ಆ ತೋಳು ಆಡಿಸ್ತಾರೆ. ತುದಿ ನಮ್ಮ ಮಣಿಕಟ್ಟಿನ ಹಾಗೆ ತಿರುಗತ್ತೆ. ಡಾಕ್ಟರ ಕೈ ಆಡದೆ ಅದು ಕೂದಲೆಳೆಯಷ್ಟೂ ಅಲ್ಲಾಡಲ್ಲ.”

“ಮತ್ತೆ ಕರೆಂಟು?” ಸೀಟಿ ಬಿಡಲಿಲ್ಲ.

“ಬ್ಯಾಟರಿ ಇರತ್ತೆ, ಜನರೇಟರ್ ಇರತ್ತೆ. ಯಂತ್ರ ಕೈಕೊಟ್ರೂ ತೋಳು ಬಿಚ್ಚಿ ಪಕ್ಕಕ್ಕೆ ಸರಿಸಿ, ಕೈಯಲ್ಲೇ ಮುಗಿಸೋಕೆ ಎಲ್ಲರೂ ತಯಾರಾಗಿರ್ತಾರೆ.”

“ಹಾಗಾದ್ರೆ ರೋಬೋಟೇ ಮೇಲು ಅನ್ನಿ,” ಅಂದ ಕ್ರೇನಣ್ಣ. ತನ್ನ ಪಕ್ಷ ಗೆಲ್ಲುವ ಹಾಗೆ ಕಂಡಿತು.

“ಕೆಲವು ಕಡೆ ಅನುಕೂಲ. ಇಕ್ಕಟ್ಟಿನ ಜಾಗದಲ್ಲಿ, ಸಣ್ಣ ರಕ್ತನಾಳ ಬಿಡಿಸೋವಾಗ. ತೂತಿನಲ್ಲಿ ಆಗದೆ ಮಧ್ಯದಲ್ಲೇ ಹೊಟ್ಟೆ ತೆರೆಯೋ ಪ್ರಸಂಗ ಸ್ವಲ್ಪ ಕಮ್ಮಿ ಅಂತಾನೂ ಹೇಳ್ತಾರೆ. ಆದ್ರೆ ಹೊತ್ತು ಜಾಸ್ತಿ ಹಿಡಿಯತ್ತೆ, ಖರ್ಚೂ ಜಾಸ್ತಿ. ಮನೆಗೆ ಹೋದ ಮೇಲೆ ರೋಗಿ ಹೇಗಿದಾರೆ ಅಂತ ನೋಡಿದ್ರೆ ಎರಡೂ ಹೆಚ್ಚುಕಮ್ಮಿ ಒಂದೇ. ಎರಡರಲ್ಲೂ ಗಾಯ ಸಣ್ಣದು, ಬೇಗ ಎದ್ದು ಓಡಾಡಬಹುದು. ಗ್ರಂಥಿ ಕತ್ತರಿಸಿದ ತುದಿಯಿಂದ ರಸ ಸೋರೋ ತೊಂದರೆ ಎರಡರಲ್ಲೂ ಬರಬಹುದು.” ಸಿಸ್ಟರ್ ಒಂದು ಗುಟುಕು ಟೀ ಕುಡಿದಳು. “ಒಂದು ಕೇಳ್ತೀನಿ ಅಣ್ಣ. ನಿಮ್ಮ ಸೈಟಿಗೆ ಹೊಚ್ಚಹೊಸ ಕ್ರೇನು ಬಂತು ಅಂತಿಟ್ಕೊಳ್ಳಿ. ಕ್ಯಾಮರಾ, ಕಂಪ್ಯೂಟರು ಎಲ್ಲ ಇದೆ. ನಡೆಸೋನು ಮಾತ್ರ ಇನ್ನೂ ಹತ್ತು ಲೋಡೂ ಎತ್ತಿಲ್ಲ. ಈ ಕಡೆ ಹಳೇ ಕ್ರೇನು, ಒಳಗೆ ನೀವು. ಸೀಟಿ, ನೀನು ಯಾರ ಲೋಡಿನ ಕೆಳಗೆ ನಿಲ್ತೀಯಾ?”

“ಯಾರ ಲೋಡಿನ ಕೆಳಗೂ ನಿಲ್ಲಲ್ಲ ಸಿಸ್ಟರ್. ನಿಲ್ಲಬಾರದು ಅಂತ ಬೋರ್ಡೇ ಹಾಕಿದಾರೆ.”

ಅತ್ತ ಕಣ್ಣಲ್ಲೇ ಅಕ್ಕ ನಕ್ಕುಬಿಟ್ಟಳು.

“ಸರಿ ಮಾರಾಯ, ಯಾರ ಜೊತೆ ಕೆಲಸ ಮಾಡ್ತೀಯಾ?”

“ಭಾವನ ಜೊತೆ. ಕೇಳಬೇಕಾ?”

“ಅದೇ ಹೊಸ ಕ್ರೇನಿನಲ್ಲಿ ಭಾವನೇ ಕೂತು, ಐನೂರು ಲೋಡು ಎತ್ತಿ ಪಳಗಿದ್ರೆ?”

“ಆಗ ಹೊಸದೇ ಇರಲಿ.”

“ಅಷ್ಟೇ ವಿಷಯ,” ಅಂದಳು ಸಿಸ್ಟರ್. “ಯಂತ್ರ ಯಾವುದು ಅನ್ನೋದು ಎರಡನೇ ಮಾತು. ಈ ಆಪರೇಷನ್ ಎಷ್ಟು ಸಲ ಮಾಡಿದ ಕೈ ಅದು, ಅದನ್ನ ಮೊದಲು ಕೇಳಿ.”

ಆ ವಾರವೇ ಅವರು ದೊಡ್ಡಾಸ್ಪತ್ರೆಗೂ ಹೋದರು. ರೋಬೋಟಿನ ಡಾಕ್ಟರು ಹೊಸ ಸ್ಕ್ಯಾನು ಮಾಡಿಸಿ ನೋಡಿದರು. ಹತ್ತು ವಾರದಲ್ಲಿ ಗಡ್ಡೆ ಸ್ವಲ್ಪ ಬೆಳೆದಿತ್ತು. “ನಿಮ್ಮದನ್ನ ಯಾವ ರೀತಿಲಾದ್ರೂ ಮಾಡಬಹುದು,” ಅಂದರು ಅವರು. “ನನ್ನ ಹತ್ರ ಏಳು ವಾರ ಆದ್ಮೇಲೇ ಜಾಗ. ನಿಮ್ಮ ಡಾಕ್ಟರಮ್ಮನ ಕೈ ನನಗೆ ಗೊತ್ತು. ಯಂತ್ರಕ್ಕೋಸ್ಕರ ಕಾಯಬೇಡಿ.” ಬೆಳೆದಿದೆ ಅನ್ನುವ ಒಂದು ಮಾತು ಕ್ರೇನಣ್ಣನ ಕಿವಿಯಲ್ಲಿ ದಾರಿಯುದ್ದಕ್ಕೂ ಗುಂಯ್ಗುಟ್ಟಿತು. ತನ್ನ ಕೈಯಾರೆ ಕಳೆದ ಹತ್ತು ವಾರ ಅದು.

ಮರುದಿನ ಹೆಂಡತಿ, ಸೀಟಿಯ ಜೊತೆ ಡಾಕ್ಟರಮ್ಮನ ಮುಂದೆ ಕೂತಾಗ ಅವನ ಕೈಯಲ್ಲೊಂದು ಹಳೇ ಕಾಗದವಿತ್ತು. ಕ್ರೇನು ಎಷ್ಟು ದೂರಕ್ಕೆ ಎಷ್ಟು ತೂಕ ಎತ್ತಬಹುದು ಅಂತ ಬರೆದಿರುವ ಕಾಗದ. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಪ್ರಶ್ನೆ ಬರೆದುಕೊಂಡು ಬಂದಿದ್ದ.

“ಮೇಡಂ, ಇಂಥ ಆಪರೇಷನ್ ಎಷ್ಟು ಮಾಡಿದೀರಿ?”

ಹೆಂಡತಿ ಮೇಜಿನ ಕೆಳಗೆ ಅವನ ತೊಡೆ ಚಿವುಟಿದಳು. ಡಾಕ್ಟರಮ್ಮ ನಕ್ಕರು. “ಕೇಳಲೇಬೇಕಾದ ಮಾತು ಬಿಡಮ್ಮ. ನೂರ ಮೂವತ್ತು ದಾಟಿದೆ. ಅದರಲ್ಲಿ ಒಂಬತ್ತು ಸಲ ಮಧ್ಯದಲ್ಲಿ ಹೊಟ್ಟೆ ತೆರೆದಿದೀನಿ.”

“ಒಂಬತ್ತು ಸಲ ಕೆಟ್ಟುಹೋಯ್ತಾ?” ಸೀಟಿ ಬೆಚ್ಚಿದ.

“ಇಲ್ಲಪ್ಪ. ರಕ್ತ ನಿಲ್ತಿಲ್ಲ, ಸರಿಯಾಗಿ ಕಾಣ್ತಿಲ್ಲ ಅಂದ್ರೆ ತೆರೀಲೇಬೇಕು. ಸಣ್ಣ ತೂತಿನಲ್ಲೇ ಮುಗಿಸ್ತೀನಿ ಅಂತ ಹಟ ಹಿಡಿದ್ರೆ ಆಗ ಕೆಡತ್ತೆ.”

ಮುಂದಿನ ಪ್ರಶ್ನೆ ಪಕ್ಕದ ಅಂಗಗಳದ್ದು. ಗ್ರಂಥಿಯ ಬಾಲಕ್ಕೆ ಅಂಟಿಕೊಂಡೇ ಗುಲ್ಮ ಇದೆ, ಆಸ್ಪತ್ರೆಯಲ್ಲಿ ಸ್ಪ್ಲೀನ್ ಅನ್ನುತ್ತಾರೆ, ಸೋಂಕಿನ ವಿರುದ್ಧ ದೇಹಕ್ಕೆ ಕಾವಲು ಕೊಡುವುದು ಅದು ಅಂತ ಡಾಕ್ಟರಮ್ಮ ತಿಳಿಸಿದರು. “ಉಳಿಸೋಕೆ ನೋಡ್ತೀನಿ. ಆಗದೇ ಹೋದ್ರೆ ಅದನ್ನೂ ತೆಗೀಬೇಕಾಗತ್ತೆ. ಅದಕ್ಕೇ ಎರಡು ವಾರ ಮೊದಲೇ ಲಸಿಕೆ ಹಾಕಿಬಿಡ್ತೀವಿ. ಗುಲ್ಮ ಇಲ್ಲದೋರಿಗೆ ಜ್ವರ ಬಂದ್ರೆ ಒಂದು ಗಂಟೆನೂ ಕಾಯಬಾರದು, ಸೀದಾ ಆಸ್ಪತ್ರೆಗೆ ಬರಬೇಕು. ಆಮೇಲೆ ರಕ್ತದಲ್ಲಿ ಸಕ್ಕರೆ ಆಗಾಗ ನೋಡಿಸ್ತಿರಬೇಕು.”

ಕ್ರೇನಣ್ಣ ಕಾಗದ ನೋಡಿದ. ಒಂದೇ ಒಂದು ಪ್ರಶ್ನೆ ಉಳಿದಿತ್ತು.

“ಒಳಗೆ ನೀವು ಪರದೆ ನೋಡ್ತಿರ್ತೀರಿ ಮೇಡಂ. ಏನೋ ತಪ್ಪಾಗ್ತಿದೆ ಅಂತ ಬೇರೆಯವರ ಕಣ್ಣಿಗೆ ಬಿದ್ರೆ? ನಿಲ್ಲಿಸು ಅನ್ನೋಕೆ ಯಾರಿಗೆ ಅಧಿಕಾರ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಇದನ್ನ ನನ್ನ ಹತ್ರ ಇದುವರೆಗೂ ಯಾರೂ ಕೇಳಿರಲಿಲ್ಲ. ಯಾರಿಗೆ ಬೇಕಾದ್ರೂ ಇದೆ. ಅರಿವಳಿಕೆ ಡಾಕ್ಟರಿಗೆ, ಎದುರು ನಿಂತ ಸಹಾಯಕರಿಗೆ, ಸಲಕರಣೆ ಕೊಡೋ ಸಿಸ್ಟರಿಗೆ. ಯಾರು ನಿಲ್ಲಿಸಿ ಅಂದ್ರೂ ನನ್ನ ಕೈ ನಿಲ್ಲತ್ತೆ. ಯಾಕೆ ಅಂತ ಆಮೇಲೆ ಕೇಳ್ತೀನಿ.”

ಕ್ರೇನಣ್ಣ ಸೀಟಿಯ ಮುಖ ನೋಡಿದ, ಸೀಟಿ ಭಾವನ ಮುಖ ನೋಡಿದ. ಕಾಗದ ಮಡಿಸಿ ಜೇಬಿಗಿಟ್ಟು ಕ್ರೇನಣ್ಣ ಅಂದ: “ತಾರೀಖು ಹೇಳಿ ಮೇಡಂ.”

ಮರುದಿನವೇ ಲಸಿಕೆ ಆಯಿತು, ಮೂರನೇ ವಾರದಲ್ಲಿ ಆಪರೇಷನ್. ಒಳಗೆ ಹೋಗುವಾಗ ಅವನ ಕೈ ತಣ್ಣಗಿತ್ತು, ಆದರೆ ಯಾರೂ ತಳ್ಳದೆ ತಾನೇ ನಡೆದು ಹೋದ. ಒಳಗಿನ ನಾಲ್ಕು ಗಂಟೆ ಅವನಿಗೆ ಗೊತ್ತಿಲ್ಲ, ಹೊರಗೆ ಬೆಂಚಿನ ಮೇಲೆ ಕಾದವರಿಗೆ ಅದರ ಒಂದೊಂದು ನಿಮಿಷವೂ ಗೊತ್ತು. ಸೀಟಿ ಕುತ್ತಿಗೆಗೆ ನೇತುಬಿದ್ದ ಸೀಟಿಯನ್ನು ಕಚ್ಚಿ ಕಚ್ಚಿ ಹಲ್ಲಿನ ಗುರುತು ಮಾಡಿದ್ದನಂತೆ.

ಡಾಕ್ಟರಮ್ಮ ಬಂದು ವಿಷಯ ಹೇಳಿದರು. ಗಡ್ಡೆ ಪೂರ್ತಿ ಹೊರಗೆ ಬಂದಿತ್ತು, ಹೊಟ್ಟೆ ತೆರೆಯುವ ಪ್ರಸಂಗ ಬರಲಿಲ್ಲ. ಗುಲ್ಮದ ರಕ್ತನಾಳಕ್ಕೆ ಗಡ್ಡೆ ಅಂಟಿಕೊಂಡಿದ್ದರಿಂದ ಗುಲ್ಮ ಉಳಿಸಲು ಆಗಿರಲಿಲ್ಲ. “ಲಸಿಕೆ ಮೊದಲೇ ಹಾಕಿಸಿದ್ದು ಒಳ್ಳೇದಾಯ್ತು,” ಅಂದರು.

ಎಲ್ಲ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು ಅಂದರೆ ಸುಳ್ಳಾಗುತ್ತದೆ. ಸಿಸ್ಟರ್ ಹೇಳಿದ್ದ ಆ ಸೋರಿಕೆ ಅವನಿಗೂ ಬಂತು. ಆರನೇ ದಿನ ಮನೆಗೆ ಬಂದದ್ದು ಪಕ್ಕೆಯಲ್ಲಿ ಒಂದು ಟ್ಯೂಬು, ಸೋರಿದ ರಸ ತುಂಬಲು ಟ್ಯೂಬಿಗೊಂದು ಚೀಲದ ಜೊತೆಗೇ. ಅದನ್ನು ಅವನು ‘ಬಾಡಿಗೆದಾರ’ ಅಂತ ಕರೆದ. ಹೆಂಡತಿ ದಿನವೂ ಚೀಲದ ಅಳತೆ ಬರೆದಿಟ್ಟಳು. ಇಪ್ಪತ್ತೆರಡನೇ ದಿನ ಬಾಡಿಗೆದಾರ ಜಾಗ ಖಾಲಿ ಮಾಡಿದ. ಗಡ್ಡೆಯ ಪರೀಕ್ಷೆಯ ವರದಿಯೂ ಬಂತು: ಕ್ಯಾನ್ಸರ್ ಇಲ್ಲ, ಆದರೆ ಒಂದು ಮೂಲೆಯಲ್ಲಿ ಜೀವಕೋಶಗಳು ಬದಲಾಗಲು ಶುರುವಾಗಿದ್ದವು. ಇನ್ನೊಂದು ವರ್ಷ ಬಿಟ್ಟಿದ್ದರೆ ಈ ಕಥೆ ಬೇರೆಯೇ ಆಗಿಬಿಡಬಹುದಿತ್ತು.

ಮೂರು ತಿಂಗಳು ಕಳೆದು, ಡಾಕ್ಟರಮ್ಮ ಒಪ್ಪಿದ ಮೇಲೆ ಅವನು ಮತ್ತೆ ಏಣಿ ಹತ್ತಿದ. ಪ್ರಶ್ನೆಯ ಕಾಗದವನ್ನು ಕ್ಯಾಬಿನ್ನಿನ ಗಾಜಿಗೆ ಅಂಟಿಸಿದ. ಗುಲ್ಮ ಇಲ್ಲ ಅಂತ ಬರೆದ ಚೀಟಿ ಜೇಬಿನಲ್ಲಿ ಇರುತ್ತಿತ್ತು.

ಮುಂದೊಂದು ದಿನ ಬೆಳಿಗ್ಗೆ ಸೈಟಿನಲ್ಲಿ ಭಾರೀ ಅವಸರ. ಕಾಂಕ್ರೀಟ್ ಲಾರಿಗಳು ಸಾಲಾಗಿ ನಿಂತಿದ್ದವು. ಸೀಟಿ ಮೊದಲ ಲೋಡು ಕಟ್ಟಿ ವಾಕಿಟಾಕಿಯಲ್ಲಿ ಕೇಳಿದ: “ಭಾವ, ಎತ್ತೋಣವಾ?”

“ಎ... ಎತ್ತೋಣ.”

“ಧ್ವನಿ ಯಾಕೆ ನಡುಗ್ತಿದೆ?”

“ಗಾಳಿ ಕಣೋ. ಮೇಲೆ ವಿಪರೀತ ಗಾಳಿ.”

ಸೀಟಿ ತಲೆ ಎತ್ತಿ ನೋಡಿದ. ಗಾಳಿ ತಿಳಿಯಲೆಂದು ಕ್ರೇನಿನ ತುದಿಗೆ ಕಟ್ಟಿದ ಬಟ್ಟೆ ಒಂದಿಷ್ಟೂ ಅಲ್ಲಾಡದೆ ಜೋತುಬಿದ್ದಿತ್ತು.

ಮೇಲೆ ಕ್ಯಾಬಿನ್ನಿನಲ್ಲಿ ಕ್ರೇನಣ್ಣನಿಗೆ ಗೊತ್ತಿತ್ತು, ಅದು ಗಾಳಿಯಲ್ಲ, ಚಳಿಜ್ವರ. ಇದೊಂದು ಕೆಲಸ ಮುಗಿಸಿಬಿಡೋಣ, ಸಂಜೆ ನೋಡೋಣ ಅಂತ ಮನಸ್ಸು ಹಳೇ ದಾರಿ ಹಿಡಿಯಿತು. ಹಿಡಿಯ ಮೇಲೆ ಕೈ ಇಟ್ಟು ಕೆಳಗೆ ನೋಡಿದ. ಅರವತ್ತು ಮೀಟರ್ ಕೆಳಗೆ ಸೀಟಿ ನಿಂತಿದ್ದ, ಎರಡೂ ಕೈ ಅಗಲಿಸಿಕೊಂಡು.

ಕ್ರೇನಣ್ಣ ಹಿಡಿಯಿಂದ ಕೈ ತೆಗೆದ. ಯಾಕೆ ಅಂತ ಕೇಳಲಿಲ್ಲ.

ಸೊಂಟದ ಬೆಲ್ಟು ಸಿಕ್ಕಿಸಿಕೊಂಡು ಇಳಿದ, ಸೀಟಿ ಅರ್ಧ ಏಣಿ ಹತ್ತಿ ಎದುರುಗೊಂಡ. ಮುಕ್ಕಾಲು ಗಂಟೆಯಲ್ಲಿ ಆಸ್ಪತ್ರೆಯಲ್ಲಿದ್ದರು. ಜೇಬಿನ ಚೀಟಿ ನೋಡಿದ ಡಾಕ್ಟರು ತಕ್ಷಣವೇ ಇಂಜೆಕ್ಷನ್ ಶುರುಮಾಡಿದರು. ರಕ್ತಕ್ಕೆ ಸೋಂಕು ಇಳಿಯುತ್ತಿತ್ತು. ಸಂಜೆಯವರೆಗೆ ಕಾದಿದ್ದರೆ ಬಹಳ ಕಷ್ಟವಿತ್ತು ಅಂದರು. ಐದನೇ ದಿನ ಅವನು ಆಸ್ಪತ್ರೆಯಿಂದ ಮನೆಗೆ ನಡೆದುಕೊಂಡೇ ಬಂದ, ಒಂದು ಕೈ ಹೆಂಡತಿಯ ಹೆಗಲ ಮೇಲೆ, ಇನ್ನೊಂದು ಸೀಟಿಯ ಹೆಗಲ ಮೇಲೆ.

ಓದುತ್ತಿರುವ ಅಕ್ಕ, ಅಣ್ಣ, ಇಷ್ಟು ಕೇಳಿ. ಊಟದ ನಂತರ ಬರುವ ನೋವು ಬೆನ್ನಿಗೆ ಹೋಗುತ್ತಿದ್ದರೆ, ವಾರಗಟ್ಟಲೆ ಬಿಡದೆ ಇದ್ದರೆ, ಪಕ್ಕದಲ್ಲಿ ಕೂತವರ ಮಾತ್ರೆ ನುಂಗಬೇಡಿ, ಡಾಕ್ಟರಿಗೆ ತೋರಿಸಿ. ಆಪರೇಷನ್ ಬೇಕು ಅಂದರೆ ರೋಬೋಟೋ ಲ್ಯಾಪರೋಸ್ಕೋಪಿಯೋ ಅಂತ ಖಂಡಿತ ಕೇಳಿ, ಅದಕ್ಕಿಂತ ಮೊದಲು ಈ ಕೆಲಸ ಎಷ್ಟು ಸಲ ಮಾಡಿದ್ದೀರಿ ಅಂತ ಕೇಳಿ. ಗುಲ್ಮ, ಲಸಿಕೆ, ಸಕ್ಕರೆ, ಸೋರಿಕೆ, ಎಲ್ಲವನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗಿ ನಾಚಿಕೆಯಿಲ್ಲದೆ ಕೇಳಿ. ಹೆದರಿಕೆ ಆದರೆ ಹೆದರಿಕೆ ಅಂತಲೇ ಮನೆಯವರಿಗೆ ಹೇಳಿ. ಅದನ್ನು ಬೇರೆ ಹೆಸರಿನಲ್ಲಿ ಮುಚ್ಚಿಟ್ಟು ವಾರ ಕಳೆಯಬೇಡಿ.

ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ನಿಮ್ಮ ಕಡೆ ನೋಡುತ್ತ ಎರಡೂ ಕೈ ಅಗಲಿಸಿ ನಿಂತಿರಬಹುದು. ಮೊದಲು ನಿಲ್ಲಿಸಿ. ಯಾಕೆ ಅಂತ ಆಮೇಲೆ ಕೇಳಿ.